ಈಟಿ, ದಂತ ಮತ್ತು ಕೆತ್ತಿದವರ ಹೆಸರು

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನನಗೆ ಒಪ್ಪಿಸಿದ ವಿಷಯ ‘ಸರ್ಕಾರ ಮತ್ತು ಕರಕುಶಲ ಕಲೆ’ ಎಂಬುದು. ಮೂವತ್ತು ವರ್ಷಗಳಿಗೂ ಮಿಕ್ಕಿ ಕೇಂದ್ರ ಸರ್ಕಾರದ ಅನ್ನ ಉಂಡವನಾದ್ದರಿಂದ ಈ ವಿಷಯದ ಮೊದಲರ್ಧದ ಬಗೆಗಾದರೂ ನನಗೆ ಏನಾದರೂ ತಿಳಿದಿರಬೇಕೆಂದು ಅವರು ಭಾವಿಸಿರಬಹುದು. ಆದರೆ ನಾನು ವಿಷಯಕ್ಕೆ ನೇರವಾಗಿ ಬರದೆ ಬಹುದೂರದ ಒಂದು ಬಳಸುದಾರಿಯಿಂದ ಬರಲು ತಮ್ಮ ಅನುಮತಿ ಕೋರುತ್ತೇನೆ. ಆ ದಾರಿ ಉತ್ತರ ಧ್ರುವದ ಅಂಚಿನಲ್ಲಿ, ವರ್ಷದ ಬಹುಭಾಗ ಕಡಲೇ ಹೆಪ್ಪುಗಟ್ಟಿ ನೆಲವಾಗುವ ನಾಡುಗಳಲ್ಲಿ ಹಾದುಹೋಗುತ್ತದೆ. ಕೊನೆಗೆ ಅದು ನಮ್ಮ ಸಂಘದ ಈ ಸಭಾಂಗಣಕ್ಕೇ ಬಂದು ಸೇರುತ್ತದೆ ಎಂಬ ಭರವಸೆಯನ್ನು ಮಾತ್ರ ಈಗಲೇ ಕೊಡಬಲ್ಲೆ.

2006ರಲ್ಲಿ ಇಲಾಖೆಯ ತರಬೇತಿಯ ನಿಮಿತ್ತ ಕೆಲವು ವಾರ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಇರುವ ಅವಕಾಶ ನನಗೆ ಒದಗಿತು. ಒಂದು ಶನಿವಾರ ಮಧ್ಯಾಹ್ನ ಹಳೆಯ ವಸ್ತುಗಳನ್ನು ಮಾರುವ ಅಂಗಡಿಯೊಂದಕ್ಕೆ ಹೋಗಿದ್ದೆ. ಗಾಜಿನ ಕಪಾಟಿನೊಳಗೆ ಬೆರಳುದ್ದದ ಒಂದು ದಂತದ ಸೀಲ್ ಪ್ರಾಣಿ ಮಲಗಿತ್ತು. ಕಣ್ಣಿಲ್ಲ, ಮೀಸೆಯಿಲ್ಲ; ಬೆನ್ನಿನ ಒಂದು ಬಾಗು, ಕುತ್ತಿಗೆಯ ಒಂದು ತಿರುವು, ಅಷ್ಟೆ. ಆದರೂ ಅದು ಈಗ ತಾನೆ ತಲೆಯೆತ್ತಿ ಏನನ್ನೋ ಆಲಿಸುತ್ತಿದೆ ಎನ್ನಿಸುತ್ತಿತ್ತು. ಅಂಗಡಿಯವರು ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಹೊರಳಿಸಿ ನೋಡಿದೆ. ಹೊಟ್ಟೆಯ ಕೆಳಗೆ ಇಂಗ್ಲಿಷಿನ ‘ಇ’ ಅಕ್ಷರ, ಅದರ ಮುಂದೆ ಕೆಲವು ಅಂಕಿಗಳು ಕೊರೆದಿದ್ದವು. ಸರ್ಕಾರಿ ನೌಕರನ ಬುದ್ಧಿ ನೋಡಿ, ದಾಸ್ತಾನು ಪುಸ್ತಕದ ಕ್ರಮಸಂಖ್ಯೆ ಇರಬೇಕೆಂದುಕೊಂಡೆ. “ಇದು ಅಂಗಡಿಯ ನಂಬರೇ?” ಎಂದು ಕೇಳಿದೆ. ಅವರು ತಲೆಯಾಡಿಸಿ, “ಅಲ್ಲ, ಅದು ಕೆತ್ತಿದವನು. ಅವನ ಹೆಸರಿನ ಜಾಗದಲ್ಲಿ ಸರ್ಕಾರ ಕೊಟ್ಟಿದ್ದ ಸಂಖ್ಯೆ” ಎಂದರು.

ನಾನು ಅದನ್ನು ಕೊಳ್ಳಲಿಲ್ಲ. ಬೆಲೆಯೂ ಹೆಚ್ಚಾಗಿತ್ತು, ಪೆಟ್ಟಿಗೆಯಲ್ಲಿ ದಂತವಿಟ್ಟುಕೊಂಡು ನಮ್ಮ ಸುಂಕದ ಅಧಿಕಾರಿಗಳ ಮುಂದೆ ನಿಲ್ಲುವ ಧೈರ್ಯವೂ ಇರಲಿಲ್ಲ. ಆದರೆ ಆ ಸಂಖ್ಯೆ ನನ್ನನ್ನು ಬಿಡಲಿಲ್ಲ. ಮರುದಿನ ನದಿಯಾಚೆಯ ದೊಡ್ಡ ವಸ್ತುಸಂಗ್ರಹಾಲಯಕ್ಕೆ ಹೋದೆ. ಆಗ ಅದರ ಹೆಸರು ಕೆನೇಡಿಯನ್ ಮ್ಯೂಸಿಯಂ ಆಫ್ ಸಿವಿಲೈಸೇಷನ್ ಎಂದಿತ್ತು. 2013ರಿಂದ ಕೆನೇಡಿಯನ್ ಮ್ಯೂಸಿಯಂ ಆಫ್ ಹಿಸ್ಟರಿ ಎಂದಾಗಿದೆ. ಅಲ್ಲಿಂದ ಮುಂದೆ ವರ್ಷಗಳ ಕಾಲ ಬಿಡುವಿದ್ದಾಗಲೆಲ್ಲ ಈ ಜನರ ಕುರಿತು ಓದಿದ್ದೇನೆ. ಆ ಓದಿನ ಸಾರವನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಶಾಲೆಯ ಭೂಗೋಳದಲ್ಲಿ ‘ಎಸ್ಕಿಮೋ’ ಎಂದು ಓದಿದ ಜನ ತಮ್ಮನ್ನು ತಾವು ಕರೆದುಕೊಳ್ಳುವುದು ‘ಇನ್ಯೂಟ್’ ಎಂದು. ಹಾಗೆಂದರೆ ಜನರು ಎಂದಷ್ಟೇ ಅರ್ಥ, ಒಬ್ಬನಾದರೆ ‘ಇನುಕ್’. ಎಸ್ಕಿಮೋ ಎಂಬುದು ಹೊರಗಿನವರು ಇಟ್ಟ ಹೆಸರು. 1977ರಲ್ಲಿ ಅಲಾಸ್ಕಾ, ಕೆನಡಾ ಮತ್ತು ಗ್ರೀನ್‌ಲ್ಯಾಂಡಿನ ಪ್ರತಿನಿಧಿಗಳು ಒಂದೆಡೆ ಸೇರಿ ತಮ್ಮ ಸಮಾವೇಶಕ್ಕೆ ಇನ್ಯೂಟ್ ಎಂಬ ಹೆಸರನ್ನೇ ಇಟ್ಟುಕೊಂಡರು. ಅವರ ನಾಡಿನಲ್ಲಿ ಮರ ಬೆಳೆಯುವುದಿಲ್ಲ. ಕಡಲು ತೇಲಿಸಿ ತಂದು ದಡಕ್ಕೆಸೆದ ದಿಮ್ಮಿಯೇ ಮರ. ಲೋಹವೂ ಅಪರೂಪ. ಇರುವುದು ಕಲ್ಲು, ಎಲುಬು, ಚರ್ಮ, ನರ, ಕ್ಯಾರಿಬೂ ಎಂಬ ಹಿಮಜಿಂಕೆಯ ಕವಲುಗೊಂಬು ಮತ್ತು ವಾಲ್ರಸ್ಸಿನ ಕೋರೆ. ವಾಲ್ರಸ್ ಎಂಬುದು ಸೀಲಿನ ಜಾತಿಗೆ ಹತ್ತಿರದ, ಒಂದು ಟನ್ನಿಗೂ ಮೀರಿ ತೂಗಬಲ್ಲ ಕಡಲಪ್ರಾಣಿ. ಗಂಡು ಹೆಣ್ಣು ಎರಡಕ್ಕೂ ಮೇಲ್ದವಡೆಯಿಂದ ಕೆಳಮುಖವಾಗಿ ಎರಡು ಕೋರೆಗಳಿರುತ್ತವೆ. ದೊಡ್ಡ ಗಂಡಿನಲ್ಲಿ ಅವು ಸುಮಾರು ಒಂದು ಮೀಟರ್ ಉದ್ದ ಬೆಳೆಯುವುದುಂಟು. ಅವರಿಗೆ ಮಾಂಸ ಕೊಡುವ, ದೀಪಕ್ಕೆ ಕೊಬ್ಬು ಕೊಡುವ, ದೋಣಿಗೆ ಚರ್ಮ ಕೊಡುವ ಪ್ರಾಣಿಯೇ ದಂತವನ್ನೂ ಕೊಡುತ್ತದೆ. ಆ ದಂತದಿಂದ ಮಾಡಿದ ಆಯುಧದಿಂದಲೇ ಅದರ ಬೇಟೆ. ಈ ವೃತ್ತವನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನನ್ನ ಮಾತೆಲ್ಲವೂ ಈ ವೃತ್ತ ಹೇಗೆ ಮುರಿಯಿತು ಎಂಬುದನ್ನು ಕುರಿತದ್ದು.

ಮೊದಲು ಈಟಿಯನ್ನು ನೋಡೋಣ. ಅವರ ಭಾಷೆಯಲ್ಲಿ ಅದು ‘ಊನಾಕ್’, ಇಂಗ್ಲಿಷಿನಲ್ಲಿ ಹಾರ್ಪೂನ್. ನೆಲದ ಮೇಲಿನ ಪ್ರಾಣಿಗೆ ಎಸೆದ ಭರ್ಜಿ ಗುರಿ ತಾಗಿದರೆ ಸಾಕು. ಪ್ರಾಣಿ ಓಡಿದರೂ ನೆತ್ತರ ಜಾಡು ಹಿಡಿದು ಹೋಗಬಹುದು. ಕಡಲಿನಲ್ಲಿ ಜಾಡು ಎಂಬುದಿಲ್ಲ. ಪೆಟ್ಟು ತಿಂದ ಸೀಲ್ ನೀರಿನೊಳಗೆ ಮುಳುಗಿದರೆ ಅದು ಬೇಟೆಗಾರನಿಗೂ ಇಲ್ಲ, ಬದುಕಿಗೂ ಇಲ್ಲ. ಆದುದರಿಂದ ಕಡಲ ಬೇಟೆಯ ಆಯುಧ ಕೊಲ್ಲುವುದಕ್ಕಿಂತ ಮೊದಲು ಹಿಡಿದಿಡಬೇಕು. ಈ ಸಮಸ್ಯೆಯನ್ನು ಆ ಜನ ಬಿಡಿಸಿದ ಬಗೆ ಯಾವ ಎಂಜಿನಿಯರನೂ ತಲೆಬಾಗುವಂಥದ್ದು.

ಊನಾಕಿನ ಕಾವು ಮರದ್ದು. ಕಾವಿನ ಬುಡದಲ್ಲಿ ಮಂಜುಗಡ್ಡೆಯನ್ನು ಕುಟ್ಟಿ ಪರೀಕ್ಷಿಸಲು ಒಂದು ದಂತದ ಮೊನೆ. ಮೇಲ್ತುದಿಗೆ ದಂತದ ಒಂದು ಕುಣಿಕಟ್ಟು. ಅದರಲ್ಲಿ ಒಂದು ಗೇಣಿನಷ್ಟು ದಂತದ ಮುಂದಂಡ ಕೂತಿರುತ್ತದೆ. ಇದನ್ನು ಬಿಗಿಯಾಗಿ ಜಡಿದಿರುವುದಿಲ್ಲ, ಚರ್ಮದ ಹುರಿಯಿಂದ ಕಟ್ಟಿರುತ್ತಾರೆ. ಪ್ರಾಣಿ ಹೊರಳಾಡಿ ಪಕ್ಕಕ್ಕೆ ಎಳೆದಾಗ ಮುಂದಂಡ ಮುರಿಯದೆ ಕೀಲಿನಂತೆ ಮಡಚಿಕೊಳ್ಳುತ್ತದೆ. ಮುಂದಂಡದ ತುದಿಯ ಮೇಲೆ ಸಡಿಲವಾಗಿ ಕೂತಿರುವುದು ಈಟಿಯ ತಲೆ, ಹೆಚ್ಚೆಂದರೆ ಬೆರಳುದ್ದದ ದಂತದ ತುಂಡು. ಅದರ ಮುಂದೆ ಕಲ್ಲಿನ ಅಥವಾ ಲೋಹದ ಅಲಗು, ಹಿಂಬದಿಗೆ ಒಂದು ಮುಳ್ಳು, ನಡುವೆ ಒಂದು ತೂತು. ಆ ತೂತಿನಲ್ಲಿ ಪೋಣಿಸಿದ ಹುರಿಯ ಇನ್ನೊಂದು ತುದಿ ಬೇಟೆಗಾರನ ಕೈಯಲ್ಲಿ.

ಎಸೆದ ಈಟಿಯ ತಲೆ ಚರ್ಮವನ್ನೂ ಕೊಬ್ಬನ್ನೂ ಸೀಳಿ ಒಳಹೊಕ್ಕ ಕೂಡಲೆ ಮುಂದಂಡದಿಂದ ಕಳಚಿಕೊಳ್ಳುತ್ತದೆ. ಪ್ರಾಣಿ ಓಡುತ್ತದೆ, ಹುರಿ ಬಿಗಿಯುತ್ತದೆ. ಹುರಿ ಎಳೆಯುವುದು ತಲೆಯ ಹಿಂಬದಿಯನ್ನಲ್ಲ, ನಡುವನ್ನು. ಹಿಂಬದಿಯ ಮುಳ್ಳು ಮಾಂಸಕ್ಕೆ ಆತುಕೊಂಡು ಇಡೀ ತಲೆ ಒಳಗೇ ಅಡ್ಡಲಾಗಿ ತಿರುಗಿಬಿಡುತ್ತದೆ. ಅಂಗಿಯ ಗುಂಡಿ ಕಾಜದಲ್ಲಿ ಓರೆಯಾಗಿ ತೂರಿ, ಆಚೆ ಹೋದ ಮೇಲೆ ಅಡ್ಡ ನಿಂತು ಹಿಂದಕ್ಕೆ ಬರಲೊಲ್ಲದಲ್ಲ, ಹಾಗೆಯೇ. ಮುಳ್ಳುಗಳಿರುವ ಸಾಮಾನ್ಯ ಈಟಿ ಎಳೆದಷ್ಟೂ ಗಾಯವನ್ನು ಹರಿದು ಹೊರಬರಬಹುದು. ಇದು ಎಳೆದಷ್ಟೂ ಭದ್ರವಾಗುತ್ತದೆ.

ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟಿದಾಗ ಸೀಲ್ ಉಸಿರಾಡಲು ಮಂಜಿನಲ್ಲಿ ತನ್ನ ಉಗುರುಗಳಿಂದ ಹಲವು ಕಂಡಿಗಳನ್ನು ಕೆರೆದು ತೆರೆದಿಟ್ಟುಕೊಳ್ಳುತ್ತದೆ. ಅಂಥ ಕಂಡಿಗೆ ‘ಅಗ್ಲು’ ಎಂದು ಹೆಸರು. ಮೇಲೆ ಹಿಮ ಮುಚ್ಚಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ನಾಯಿ ಮೂಸಿ ಪತ್ತೆ ಮಾಡಬೇಕು. ಬೇಟೆಗಾರ ಆ ಕಂಡಿಯೊಳಗೆ ದಂತದ ಅಥವಾ ಎಲುಬಿನ ಒಂದು ಸಣ್ಣ ಕಡ್ಡಿಯನ್ನು ಇಳಿಬಿಡುತ್ತಾನೆ. ಸದ್ದು ಕೆಳಗೆ ತಲುಪದಂತೆ ಕಾಲಡಿಗೆ ತುಪ್ಪಳದ ತುಂಡು ಹಾಕಿ ಬಾಗಿ ನಿಲ್ಲುತ್ತಾನೆ. ಒಂದು ಗಂಟೆಯಾಗಬಹುದು, ಇಡೀ ದಿನವೇ ಆಗಬಹುದು. ಸೀಲ್ ಯಾವ ಕಂಡಿಗೆ ಬರುತ್ತದೆಂದು ಯಾರು ಬಲ್ಲರು? ಬಂದಾಗ ನೀರು ತುಸು ಮೇಲೇರಿ ಕಡ್ಡಿ ಅಲುಗುತ್ತದೆ. ಕಾಣದ ಪ್ರಾಣಿಯ ಮೇಲೆ, ಕಡ್ಡಿಯ ಅಲುಗಾಟವೊಂದನ್ನೇ ನಂಬಿ, ಒಂದೇ ಒಂದು ಪೆಟ್ಟು. ಸೂಜಿಯಷ್ಟು ತೆಳುವಾದ ಆ ಕಡ್ಡಿ ಸರಿಯಾಗಿ ನುಣುಪಾಗಿರದೆ ಅಂಚಿಗೆ ಅಂಟಿಕೊಂಡರೆ ಅಂದು ಮನೆಯ ದೀಪದಲ್ಲಿ ಕೊಬ್ಬಿಲ್ಲ, ಮಕ್ಕಳಿಗೆ ಊಟವಿಲ್ಲ. ಕುಸುರಿ ಕೆಲಸದ ನಯಕ್ಕೂ ಹೊಟ್ಟೆಗೂ ಇದ್ದ ಸಂಬಂಧ ಇಂಥದು.

ತೆರೆದ ನೀರಿನಲ್ಲಿ ವಾಲ್ರಸ್ ಬೇಟೆಯಾದರೆ ಹುರಿಯ ತುದಿಗೆ ‘ಅವತಾಕ್’ ಕಟ್ಟುತ್ತಿದ್ದರು. ಇಡೀ ಸೀಲಿನ ಚರ್ಮವನ್ನು ಸುಲಿದು, ತೂತುಗಳನ್ನು ಮುಚ್ಚಿ, ಗಾಳಿ ತುಂಬಿದ ಬುರುಡೆ ಅದು. ಪ್ರಾಣಿ ಮುಳುಗಲು ಯತ್ನಿಸಿದಷ್ಟೂ ಅದನ್ನು ಎಳೆದು ದಣಿಯುತ್ತದೆ. ಗಾಳಿ ಊದುವ ಬಾಯಿಗೂ ಅದರ ಬಿರಡೆಗೂ ದಂತ. ಸತ್ತ ಸೀಲಿನ ನೆತ್ತರು ಪೋಲಾಗದಂತೆ ಗಾಯದ ಅಂಚುಗಳನ್ನು ಸೇರಿಸಿ ಚುಚ್ಚುವ ಪಿನ್ನುಗಳೂ ದಂತದವು. ಹಿಮದ ಇಟ್ಟಿಗೆ ಕೊಯ್ದು ಮನೆ ಕಟ್ಟುವ ‘ಪಾನಾ’ ಕತ್ತಿ, ಹಿಮದ ಝಳದಿಂದ ಕಣ್ಣು ಕಾಯುವ, ಸಣ್ಣ ಸೀಳುಗಳುಳ್ಳ ಕನ್ನಡಕ, ಹೆಂಗಸರ ಸೂಜಿಬುರುಡೆ, ಇವೂ ಹಲವೆಡೆ ದಂತದವೇ. ಹೆಂಗಸರ ಅರ್ಧಚಂದ್ರಾಕಾರದ ಕತ್ತಿ ‘ಉಲು’ವಿನ ಹಿಡಿಯೂ ಕೆಲವೊಮ್ಮೆ ಹಾಗೆ. ಆ ಉಲುವಿನಿಂದ ಹದವಾಗಿ ಕತ್ತರಿಸಿ ಹೊಲಿದ ಬಟ್ಟೆ ಇಲ್ಲದಿದ್ದರೆ ಗಂಡಸು ಆ ಕಂಡಿಯ ಬಳಿ ಅರ್ಧ ಗಂಟೆಯೂ ನಿಲ್ಲಲಾರ ಎಂಬುದನ್ನು ಮರೆಯಬಾರದು.

ಇನ್ನು ದಂತವನ್ನು ಕೆತ್ತುವ ಬಗೆ. ಕೋರೆಯ ಮೈಮೇಲೆ ಚೂಪುಗಲ್ಲಿನಿಂದ ಉದ್ದಕ್ಕೂ ಮತ್ತೆ ಮತ್ತೆ ಗೀರಿ, ಗೀರು ಆಳವಾದ ಮೇಲೆ ಬೆಣೆ ಬಡಿದು ಸೀಳುತ್ತಿದ್ದರು. ತೂತು ಕೊರೆಯಲು ಬಿಲ್ಲಿನ ಬೈರಿಗೆ. ನಮ್ಮ ಬಡಗಿಗಳ ಹಳೆಯ ಬೈರಿಗೆಯನ್ನು ಕಂಡವರಿಗೆ ಅದರ ತತ್ವ ಹೊಸದಲ್ಲ; ಆದರೆ ಇನ್ಯೂಟರು ಬೈರಿಗೆಯ ತಲೆಯನ್ನು ಒತ್ತುವ ಕುಣಿಯನ್ನು ಹಲ್ಲುಗಳಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಒಂದು ಕೈ ಬಿಲ್ಲು ಎಳೆಯಲು, ಇನ್ನೊಂದು ಕೈ ಕೆಲಸದ ವಸ್ತುವನ್ನು ಹಿಡಿಯಲು ಬಿಡುವಾಗುತ್ತಿತ್ತು. ಅಲಾಸ್ಕಾದಲ್ಲಿ ಆ ದಂತದ ಬಿಲ್ಲುಗಳ ಮೈಮೇಲೆಯೇ ಬೇಟೆಯ, ದೋಣಿಯ, ಕುಣಿತದ ಚಿತ್ರಗಳನ್ನು ಗೀರಿ, ಗೀರಿನಲ್ಲಿ ಮಸಿ ತುಂಬುತ್ತಿದ್ದರು.

ಬೇರಿಂಗ್ ಜಲಸಂಧಿಯ ಎರಡೂ ದಡಗಳಲ್ಲಿ ಒಂದೂವರೆ ಸಾವಿರ ವರ್ಷಗಳಿಗೂ ಹಿಂದಿನ ಹಾರ್ಪೂನ್ ತಲೆಗಳು ಮಣ್ಣಿನಲ್ಲಿ ಕಂದುಬಣ್ಣಕ್ಕೆ ತಿರುಗಿ ದೊರೆತಿವೆ. ಪ್ರಾಣಿಯ ಮೈಯೊಳಗೆ ಹೊಕ್ಕು ಕಣ್ಮರೆಯಾಗಲೆಂದೇ ಮಾಡಿದ ಆ ತುಂಡಿನ ಮೇಲೆ ಎಂಥ ಬಳುಕು ಗೆರೆಗಳು, ಸುಳಿಗಳು, ಕಣ್ಣುಗಳು! ಚಿಟ್ಟೆಯ ರೆಕ್ಕೆಯಂತಿರುವ ಇನ್ನೊಂದು ಬಗೆಯ ದಂತದ ವಸ್ತುಗಳೂ ಅಲ್ಲಿ ದೊರೆತವು. ಅವೇನೆಂದು ವಿದ್ವಾಂಸರು ಬಹುಕಾಲ ತಲೆ ಕೆರೆದುಕೊಂಡರು. ಹಾರ್ಪೂನಿನ ಹಿಂಬದಿಗೆ ಕಟ್ಟಿ ಮುಂಭಾಗದ ಭಾರವನ್ನು ಸರಿದೂಗಿಸುತ್ತಿದ್ದ ತೂಕಗಳೆಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. ತೂಕದ ತುಂಡಿಗೆ ಇಷ್ಟು ಅಲಂಕಾರ ಏಕೆ? ಪ್ರಾಣಿ ತಾನಾಗಿ ಬೇಟೆಗಾರನಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ, ಚೆನ್ನಾಗಿ ಮಾಡಿದ ಆಯುಧ ಅದಕ್ಕೆ ಸಲ್ಲಿಸುವ ಮರ್ಯಾದೆ ಎಂಬ ನಂಬಿಕೆ ಆ ಜನರಲ್ಲಿತ್ತು. ಉಪ್ಪುನೀರಿನ ಜೀವಿಗೆ ಬಾಯಾರಿರುತ್ತದೆಂದು ಸತ್ತ ಸೀಲಿನ ಬಾಯಿಗೆ ಸಿಹಿನೀರು ಬಿಡುವ ಸಂಪ್ರದಾಯವೂ ಇತ್ತು.

ಪೂರ್ವ ಕೆನಡಾ ಮತ್ತು ಗ್ರೀನ್‌ಲ್ಯಾಂಡಿನಲ್ಲಿ ಇನ್ಯೂಟರಿಗೂ ಮೊದಲು ಬಾಳಿದ ಬೇರೊಂದು ಜನರನ್ನು ವಿದ್ವಾಂಸರು ಡಾರ್ಸೆಟ್ ಎಂದು ಕರೆಯುತ್ತಾರೆ. 1925ರಲ್ಲಿ ಡೈಮಂಡ್ ಜೆನ್ನೆಸ್ ಎಂಬ ಮಾನವಶಾಸ್ತ್ರಜ್ಞ ಇವರನ್ನು ಪ್ರತ್ಯೇಕವಾಗಿ ಗುರುತಿಸಿದ. ಇವರ ಬಳಿ ಬೈರಿಗೆ ಇರಲಿಲ್ಲ. ತೂತುಗಳನ್ನೂ ಕೆರೆದೇ ಮಾಡುತ್ತಿದ್ದರು. ಇಗ್ಲೂಲಿಕ್ ಪ್ರದೇಶದಲ್ಲಿ ದೊರೆತ ಇವರ ಒಂದು ದಂತದ ಹಿಮಕರಡಿ ನಾನು ಹೇಳಿದ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಕಾಲು ಚಾಚಿ ನೀರಿನಲ್ಲೋ ಗಾಳಿಯಲ್ಲೋ ತೇಲುತ್ತಿರುವ ಕರಡಿ. ಮೈಮೇಲೆ ಎಲುಬುಗೂಡಿನ ಗೆರೆಗಳು. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಸುಮಾರು 1000ದಿಂದ 1300ರ ನಡುವೆ ಅಲಾಸ್ಕಾದಿಂದ ಪೂರ್ವಕ್ಕೆ ಹರಡಿದ ತೂಲೆ ಜನರು ಇಂದಿನ ಇನ್ಯೂಟರ ನೇರ ಪೂರ್ವಿಕರು. ಬೈರಿಗೆ, ನಾಯಿಬಂಡಿ, ತಿಮಿಂಗಿಲದ ಬೇಟೆ ಅವರೊಡನೆ ಬಂದವು.

ಒಂದು ಪದದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೆನಡಾದ ಇನ್ಯೂಟರ ಭಾಷೆ ಇನುಕ್ಟಿಟುಟ್‌ನಲ್ಲಿ ಕೆತ್ತನೆಗೆ ‘ಸನಂಗುವಕ್’ ಎನ್ನುತ್ತಾರೆ. ‘ಸನ’ ಎಂದರೆ ಮಾಡು. ಕೊನೆಯ ಪ್ರತ್ಯಯಕ್ಕೆ ಹೋಲುವ, ಪುಟ್ಟ ಎಂಬ ಅರ್ಥ. ನಿಜವಾದದ್ದನ್ನು ಹೋಲುವ ಒಂದು ಪುಟ್ಟ ಮಾಡಿಕೆ! ಈಟಿ ಮಾಡುವುದಕ್ಕೂ ಸೀಲಿನ ಗೊಂಬೆ ಮಾಡುವುದಕ್ಕೂ ಧಾತು ಒಂದೇ. ಕಲೆ ಎಂಬ ಬೇರೆ ಕೋಣೆಯೇ ಆ ಮನೆಯಲ್ಲಿರಲಿಲ್ಲ. ಆ ಕೋಣೆಯನ್ನು ಕಟ್ಟಿಕೊಟ್ಟವರು ಹೊರಗಿನವರು. ಹೇಗೆಂಬುದನ್ನು ಈಗ ನೋಡೋಣ.

ಮೊದಲು ಬಂದವರು ತಿಮಿಂಗಿಲದ ಹಡಗಿನವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ವಿಶೇಷವಾಗಿ 1870ರ ದಶಕದಲ್ಲಿ, ಅಮೆರಿಕದ ತಿಮಿಂಗಿಲ ಬೇಟೆಗಾರರು ಬೇರಿಂಗ್ ಸಮುದ್ರದ ಕಡೆ ಎಣ್ಣೆಗಾಗಿಯೂ ದಂತಕ್ಕಾಗಿಯೂ ಲಕ್ಷಕ್ಕೂ ಮಿಕ್ಕಿ ವಾಲ್ರಸ್‌ಗಳನ್ನು ಕೊಂದರು. 1878ರಿಂದ 1880ರವರೆಗೆ ಸೇಂಟ್ ಲಾರೆನ್ಸ್ ದ್ವೀಪದಲ್ಲಿ ಭೀಕರ ಕ್ಷಾಮ ಬಂದು ಅಲ್ಲಿನ ಯೂಪಿಕ್ ಜನರಲ್ಲಿ ಬಹುಪಾಲು ಅಳಿದುಹೋದರು. ಇವರು ಇನ್ಯೂಟರಿಗೆ ನಂಟರಾದ ನೆರೆಜನ. ಹವಾಮಾನ, ರೋಗರುಜಿನ ಎಂಬ ಕಾರಣಗಳನ್ನೂ ಇತಿಹಾಸಕಾರರು ಹೇಳುತ್ತಾರೆ. ಆದರೆ ವಾಲ್ರಸ್ ಬರಿದಾದದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಅನಂತರ ಬಂದದ್ದು ಚಿನ್ನದ ಹಂಬಲ, ಅದರ ಬೆನ್ನಿಗೆ ಪ್ರವಾಸಿ. ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಅಂಗೊಕ್ವಾಜುಕ್ ಎಂಬ ಅದ್ಭುತ ಕೆತ್ತನೆಗಾರನಿದ್ದ. ಬಿಳಿಯರ ಬಾಯಲ್ಲಿ ಅವನು ‘ಹ್ಯಾಪಿ ಜ್ಯಾಕ್’. ಇಡೀ ಕೋರೆಯ ಮೇಲೆ ಛಾಯಾಚಿತ್ರದಂತೆ ಗೀರುವ ಕೈಚಳಕ ಅವನದು; ಇಸ್ಪೀಟಿನ ಕ್ರಿಬೇಜ್ ಆಟಕ್ಕೆ ಅಂಕ ಎಣಿಸುವ ಹಲಗೆಗಳನ್ನು ದಂತದಲ್ಲಿ ಮಾಡಿಕೊಡುತ್ತಿದ್ದ. 1908ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯ ಫ್ಲಾರೆನ್ಸ್ ಪ್ರೆಟ್ಜ್ ಎಂಬ ಚಿತ್ರಕಲಾ ಶಿಕ್ಷಕಿ ‘ಬಿಲಿಕನ್’ ಎಂಬ ನಗುಮುಖದ ಗೊಂಬೆಗೆ ಪೇಟೆಂಟ್ ಪಡೆದಿದ್ದಳು. ಮರುವರ್ಷವೇ ಅದು ನೋಮ್ ತಲುಪಿತು, ಹ್ಯಾಪಿ ಜ್ಯಾಕ್ ಅದನ್ನು ದಂತದಲ್ಲಿ ಕೆತ್ತಿಕೊಟ್ಟ. ಬರಬರುತ್ತ ಕನ್ಸಾಸ್ ಸಿಟಿಯ ಆ ಗೊಂಬೆ ಎಸ್ಕಿಮೋಗಳ ಪುರಾತನ ಅದೃಷ್ಟದೇವತೆ ಎಂದೇ ಅಲಾಸ್ಕಾದ ಅಂಗಡಿಗಳಲ್ಲಿ ಮಾರಾಟವಾಗತೊಡಗಿತು. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಅವನು ತೀರಿಕೊಂಡ. ಗಿರಾಕಿ ಬಯಸಿದ ಗೊಂಬೆಯೇ ಕೆತ್ತಿದವನ ಪರಂಪರೆಯೆಂಬ ಹೆಸರು ಪಡೆಯಿತು.

ಕೊನೆಗೆ ಬಂದದ್ದು ಸರ್ಕಾರ, ಅಂದರೆ ನನ್ನಂಥವರು. 1948ರಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬ ತರುಣ ಕಲಾವಿದ ಹಡ್ಸನ್ ಕೊಲ್ಲಿಯ ಪೂರ್ವದಡದ ಇನುಕ್ಜುವಕ್ ಎಂಬಲ್ಲಿಗೆ ಹೋಗಿ ಅಲ್ಲಿನ ಪುಟ್ಟ ಕೆತ್ತನೆಗಳಿಗೆ ಮಾರುಹೋದ. ಮರುವರ್ಷ ಮಾಂಟ್ರಿಯಲ್‌ನಲ್ಲಿ ಕೆನಡಾದ ಕರಕುಶಲ ಮಂಡಳಿಯವರು ನಡೆಸಿದ ಮಾರಾಟದಲ್ಲಿ ಎಲ್ಲವೂ ಮೂರೇ ದಿನಗಳಲ್ಲಿ ಖರ್ಚಾಯಿತು. ಬಿಳಿನರಿಯ ತುಪ್ಪಳದ ಬೆಲೆ ಕುಸಿದು ಜನ ಹಸಿದಿದ್ದ ಕಾಲ ಅದು. ಸರ್ಕಾರ ಉತ್ಸಾಹದಿಂದ ಕೈಜೋಡಿಸಿತು. 1951ರಲ್ಲಿ ಏನೇನು ಮಾಡಬಹುದು, ಯಾವುದಕ್ಕೆ ಗಿರಾಕಿ ಇದ್ದಾರೆ ಎಂದು ಚಿತ್ರಸಹಿತ ತಿಳಿಸುವ ಕಿರುಹೊತ್ತಗೆಯೊಂದು ಹಳ್ಳಿಗಳಿಗೆ ಹೋಯಿತು. ಚಿತ್ರದಲ್ಲಿದ್ದುದನ್ನೇ ಜನ ಮಾಡಿ ತಂದರು! ಕೊಳ್ಳುವವರಿಗೆ ದೊಡ್ಡ ಕೃತಿಗಳು ಬೇಕಾದ್ದರಿಂದ ದಂತದ ಸ್ಥಾನಕ್ಕೆ ಕಲ್ಲು ಬಂತು. ಅಂಗೈಯಲ್ಲಿ ಹೊರಳಿಸಿ ನೋಡುವ ಸೀಲ್ ಹೋಗಿ ಮೇಜಿನ ಮೇಲೆ ನಿಲ್ಲುವ ಸೀಲ್ ಬಂತು. ಇದನ್ನು ನಾನು ಹಳಿಯುತ್ತಿಲ್ಲ. ಆ ಹಣದಿಂದ ಮಕ್ಕಳು ಉಂಡರು. ಮುಂದೆ ಸಹಕಾರ ಸಂಘಗಳು ಬೆಳೆದವು, ಕೇಪ್ ಡಾರ್ಸೆಟ್ಟಿನಂಥ ಹಳ್ಳಿ ಜಗತ್ತಿನ ಕಲಾಭೂಪಟದಲ್ಲಿ ಸೇರಿತು. ಮಹಾನ್ ಕಲಾವಿದರೂ ಹುಟ್ಟಿಬಂದರು. ಆದರೆ ಏನು ಮಾಡಬೇಕೆಂಬ ಪಟ್ಟಿ ಬೇರೆಯವರ ಕೈಯಲ್ಲಿ ಸಿದ್ಧವಾಯಿತು ಎಂಬುದಂತೂ ಉಳಿಯುತ್ತದೆ.

ಅದೇ ಕಾಲದ ಇನ್ನೊಂದು ಏರ್ಪಾಡು ನಾನು ಮೊದಲು ಹೇಳಿದ ಸಂಖ್ಯೆ. ಇನ್ಯೂಟರಲ್ಲಿ ಮನೆತನದ ಹೆಸರಿರಲಿಲ್ಲ. ತೀರಿಕೊಂಡವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಾರೆ, ಹೆಸರಿನೊಡನೆ ನಂಟೂ ಬರುತ್ತದೆ. ಅಜ್ಜಿಯ ಹೆಸರು ಹೊತ್ತ ಮಗುವನ್ನು ಅದರ ತಂದೆಯೇ ‘ಅಮ್ಮ’ ಎಂದು ಕರೆಯಬಹುದು. ಮಾವನ ಹೆಸರಿಟ್ಟ ಮಗನನ್ನು ಹೆಸರು ಹಿಡಿದು ಕರೆಯಲಾರದೆ ‘ಅಪ್ಪಾಜಿ’, ‘ಅಣ್ಣಯ್ಯ’ ಎನ್ನುವ ತಾಯಂದಿರನ್ನು ಕಂಡ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಟ್ಟಾವಾದ ಕಡತಕ್ಕೆ ಅರ್ಥವಾಗಲಿಲ್ಲ. ಒಂದೇ ಹೆಸರಿಗೆ ಹತ್ತು ಬಗೆಯ ಕಾಗುಣಿತ, ತಂದೆಗೊಂದು ಹೆಸರು, ಮಗನಿಗೊಂದು ಹೆಸರು. ಲೆಕ್ಕ ಇಡುವುದು ಹೇಗೆ? 1941ರಿಂದ ಪ್ರತಿಯೊಬ್ಬ ಇನ್ಯೂಟನಿಗೂ ಸಂಖ್ಯೆ ಕೊರೆದ ಒಂದು ದುಂಡು ಬಿಲ್ಲೆಯನ್ನು ಕೊಡಲಾಯಿತು. ಪೂರ್ವದವರಿಗೆ ‘ಇ’, ಪಶ್ಚಿಮದವರಿಗೆ ‘ಡಬ್ಲ್ಯು’. ಕೊರಳಿಗೆ ಕಟ್ಟಿಕೊಳ್ಳಲು ಅದಕ್ಕೊಂದು ತೂತೂ ಇತ್ತು. ಆ ಕಾಲದ ಎಷ್ಟೋ ಕೆತ್ತನೆಗಳ ಅಡಿಯಲ್ಲಿರುವ ಸಹಿ ಈ ಸಂಖ್ಯೆಯೇ. 1968ರಿಂದ 1971ರವರೆಗೆ ಅಬ್ರಹಾಂ ಒಕ್ಪಿಕ್ ಎಂಬ ಇನ್ಯೂಟ್ ಮುಖಂಡ ಸರ್ಕಾರದ ಪರವಾಗಿ ಹಳ್ಳಿಹಳ್ಳಿ ಸುತ್ತಿ, ಸಂಖ್ಯೆಗಳ ಬದಲು ಮನೆತನದ ಹೆಸರುಗಳನ್ನು ಬರೆದುಕೊಂಡ. ಸಂಖ್ಯೆ ಹೋಯಿತು, ಆದರೆ ಹಿಂದೆಂದೂ ಇಲ್ಲದ ಸರ್‌ನೇಮ್ ಬಂತು. ಶಾಲೆಯ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾಲಿ ಜಾಗ ತುಂಬಲು ಊರ ಹೆಸರನ್ನೋ ಅಪ್ಪನ ಹೆಸರನ್ನೋ ಹುಡುಕಾಡಿದ ಹೊರನಾಡ ಕನ್ನಡಿಗರು ಈ ಸಭೆಯಲ್ಲಿ ಎಷ್ಟು ಜನರಿದ್ದೀರೋ! ನಾನಂತೂ ಒಬ್ಬನಿದ್ದೇನೆ.

ಸರ್ಕಾರದ ಮೂರನೆಯ ಮುಖ ಕಾನೂನು. 1972ರ ಅಮೆರಿಕದ ಕಡಲಸ್ತನಿಗಳ ರಕ್ಷಣಾ ಕಾಯಿದೆ ಅಲಾಸ್ಕಾದ ಮೂಲನಿವಾಸಿಗಳಿಗೆ ಆಹಾರಕ್ಕಾಗಿಯೂ ಕರಕುಶಲ ವಸ್ತುಗಳಿಗಾಗಿಯೂ ವಾಲ್ರಸ್ ಬೇಟೆಯ ಹಕ್ಕನ್ನು ಉಳಿಸಿತು. ವಿವೇಕದ ಕೆಲಸ. ಆದರೆ 1983ರಲ್ಲಿ ಯೂರೋಪಿನ ಆರ್ಥಿಕ ಸಮುದಾಯ ಅಟ್ಲಾಂಟಿಕ್ ತೀರದ ಸೀಲ್ ಮರಿಗಳ ಹತ್ಯೆಯ ವಿರುದ್ಧ ಆ ಮರಿಗಳ ಚರ್ಮದ ಆಮದನ್ನು ನಿಷೇಧಿಸಿದಾಗ, ಮರಿಗಳನ್ನು ಕೊಲ್ಲದ ಇನ್ಯೂಟರ ಸೀಲ್ ಚರ್ಮದ ಬೆಲೆಯೂ ನೆಲಕಚ್ಚಿತು. ಈಚೆಗೆ ಆನೆಯನ್ನು ಉಳಿಸಲು ಅಮೆರಿಕದ ಕೆಲವು ರಾಜ್ಯಗಳು ದಂತದ ಮಾರಾಟವನ್ನು ನಿಷೇಧಿಸಿವೆ. ಕ್ಯಾಲಿಫೋರ್ನಿಯದಲ್ಲಿ 2016ರಿಂದ ಜಾರಿಯಾದ ಕಾನೂನು ವಾಲ್ರಸ್ ದಂತವನ್ನೂ ಸೇರಿಸಿದೆ. ಮಾಂಸಕ್ಕಾಗಿ ಹೇಗೂ ಬೇಟೆಯಾಡಿದ ಪ್ರಾಣಿಯ ಕೋರೆಯನ್ನು ಕೆತ್ತಿ ಬದುಕುವ ಹಳ್ಳಿಯವನು ಆಫ್ರಿಕದ ಆನೆಗಳ್ಳನ ಸಾಲಿನಲ್ಲಿ ನಿಲ್ಲಬೇಕಾಯಿತು. ಈಗಂತೂ ಕಡಲ ಮಂಜೇ ತೆಳುವಾಗುತ್ತಿದ್ದು, ವಾಲ್ರಸ್ಸಿಗೂ ಬೇಟೆಗಾರನಿಗೂ ನಿಲ್ಲಲು ನೆಲೆ ಕಿರಿದಾಗುತ್ತಿದೆ.

ಇಲ್ಲಿಗೆ ನಾನು ನನ್ನ ತಪ್ಪೊಪ್ಪಿಗೆಗೆ ಬರಬೇಕು. ನಮ್ಮ ದೇಶದಲ್ಲಿ ವನ್ಯಜೀವಿ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ದೇಶದ ಆನೆಯ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಿಂದ ಆಫ್ರಿಕದಿಂದ ಆಮದಾದ ದಂತದ ವ್ಯಾಪಾರವೂ ನಿಂತಿತು. ನಿಲ್ಲಲೇಬೇಕಿತ್ತು. ನಮ್ಮ ಆನೆಗಳಲ್ಲಿ ಕೋರೆ ಇರುವುದು ಗಂಡಿಗೆ ಮಾತ್ರ. ಕರ್ನಾಟಕ ತಮಿಳುನಾಡಿನ ಗಡಿಯ ಕಾಡುಗಳಲ್ಲಿ ಕೊಂಬಿನ ಸಲಗಗಳ ಸಂಹಾರ ಹೇಗೆ ನಡೆಯಿತೆಂಬುದು ತಮಗೆಲ್ಲ ಗೊತ್ತು. ನಮ್ಮಲ್ಲಿ ಆನೆ ಊಟವಲ್ಲ, ಕೆತ್ತುವವನು ಬೇಟೆಗಾರನೂ ಅಲ್ಲ. ದಂತ ಅರಮನೆಯ ವಸ್ತು. ಮೈಸೂರಿನ ಅಂಬಾವಿಲಾಸದ ಬೀಟೆ ಮರದ ಬಾಗಿಲುಗಳಲ್ಲಿ ಅದನ್ನು ನೋಡಿದ್ದೇವೆ. ವಾಲ್ರಸ್ಸಿನ ನ್ಯಾಯ ಇಲ್ಲಿಗೆ ಸಲ್ಲದು. ಆದರೆ ಕಾನೂನು ಸರಿ ಎಂಬ ಮಾತ್ರಕ್ಕೆ ಅದರ ಅಡಿಯಲ್ಲಿ ಸಿಕ್ಕ ಮನುಷ್ಯನ ಲೆಕ್ಕ ತೀರುವುದಿಲ್ಲ.

1992ರ ಮಾತು. ನಾನು ಆಗತಾನೆ ನೌಕರಿಗೆ ಸೇರಿ ಇದೇ ನಗರದ ಒಂದು ಕೇಂದ್ರ ಕಚೇರಿಯಲ್ಲಿದ್ದೆ. ಒಂದು ದಿನ ವೃದ್ಧರೊಬ್ಬರು ತಗಡಿನ ಡಬ್ಬಿ ಹಿಡಿದು ಬಂದರು. ಮೈಸೂರಿನ ಮಂಡಿ ಮೊಹಲ್ಲಾದವರು, ಬೀಟೆ

ಮರದಲ್ಲಿ ದಂತ ಕೂಡಿಸುವ ಇನ್‌ಲೇ ಕೆಲಸ ಮಾಡುತ್ತ ಈ ನಗರದಲ್ಲೇ ನೆಲೆಸಿದ್ದರು. “ತಾವು ನಮ್ಮ ಕಡೆಯವರು ಅಂತ ಬಾಗಿಲಲ್ಲಿ ಹೇಳಿದರು ಸ್ವಾಮಿ” ಎಂದು ಡಬ್ಬಿ ತೆರೆದರು. ಒಳಗೆ ಚೂರುಪಾರು ದಂತ, ಕೂದಲೆಳೆಯಂಥ ಗರಗಸದ ಅಲಗುಗಳು, ಅರಗಳು, ಉಳಿಗಳು. ದಂತವನ್ನು ಸರ್ಕಾರ ಬೇಕಾದರೆ ತೆಗೆದುಕೊಳ್ಳಲಿ ಎಂದರು. ಅವರ ಪ್ರಶ್ನೆ ಬೇರೆಯೇ ಇತ್ತು. “ಈಗ ಪ್ಲಾಸ್ಟಿಕ್ ಹಾಕಿ ಅಂತಾರೆ. ಈ ಗರಗಸಕ್ಕೆ ಪ್ಲಾಸ್ಟಿಕ್ ಕೊಟ್ಟರೆ ಬಿಸಿಗೆ ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತೆ. ನಮ್ಮ ತಂದೆ ಕೈಯ ಹತ್ಯಾರ ಸ್ವಾಮಿ ಇದು. ಇದಕ್ಕೆ ಏನು ಕೆಲಸ ಕೊಡಲಿ?”

ನಾನು ಏನು ಹೇಳಿದೆ ಗೊತ್ತೆ? ಅಚ್ಚಗನ್ನಡದಲ್ಲಿ, ಬಹಳ ವಿನಯದಿಂದ, “ಇದು ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ” ಎಂದೆ. ಅದು ನಿಜವೂ ಆಗಿತ್ತು. ರಾಜ್ಯದ ಅರಣ್ಯ ಇಲಾಖೆಯ ವಿಳಾಸ ಬರೆದುಕೊಟ್ಟೆ. ಅವರು ಚೀಟಿಯನ್ನು ಡಬ್ಬಿಯೊಳಗೇ ಇಟ್ಟು, ಮುಚ್ಚಿ, ನಮಸ್ಕಾರ ಹೇಳಿ ಹೊರಟರು. ಅವರ ಹೆಸರನ್ನು ನಾನು ಕೇಳಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆ ಒಟ್ಟಾವಾದ ಆ ಅಂಗಡಿಯಲ್ಲಿ ಸೀಲಿನ ಹೊಟ್ಟೆಯ ಸಂಖ್ಯೆ ಓದಿದಾಗ ನನಗೆ ನೆನಪಾದದ್ದು ಆ ಡಬ್ಬಿ. ಕೆನಡಾದ ಸರ್ಕಾರ ಒಂದು ಸಂಖ್ಯೆಯನ್ನಾದರೂ ಬರೆದುಕೊಂಡಿತ್ತು. ನಾನು ಅದನ್ನೂ ಮಾಡಿರಲಿಲ್ಲ.

ಬಂಧುಗಳೆ, ಇಷ್ಟೆಲ್ಲ ಹೇಳಿದ್ದರ ತಾತ್ಪರ್ಯ ಇಷ್ಟೆ. ಕುಶಲ ಕಲೆಯೆಂಬುದು ವಸ್ತುವಿನಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಹತ್ಯಾರ, ಅದರ ಹೆಸರು, ಅದನ್ನು ಹಿಡಿದ ಕೈ, ಆ ಕೈ ಯಾರಿಗಾಗಿ ದುಡಿಯಿತೋ ಅವರು, ಇವೆಲ್ಲ ಸೇರಿದ ವೃತ್ತದಲ್ಲಿ ಅದು ಇರುತ್ತದೆ. ಸರ್ಕಾರಗಳೂ ಸಂಘಸಂಸ್ಥೆಗಳೂ ವಸ್ತುವನ್ನು ಗಾಜಿನ ಕಪಾಟಿನಲ್ಲಿಟ್ಟು ಸಂಸ್ಕೃತಿ ಉಳಿಯಿತೆಂದು ತೃಪ್ತಿಪಡುತ್ತವೆ. ಇನ್ಯೂಟರು ಆ ತೃಪ್ತಿಗೆ ಒಪ್ಪಲಿಲ್ಲ. 1979ರಲ್ಲಿ ಗ್ರೀನ್‌ಲ್ಯಾಂಡಿಗೆ ಸ್ವಂತ ಆಡಳಿತ ಬಂತು. 1999ರ ಏಪ್ರಿಲ್ 1ರಂದು ಕೆನಡಾದಲ್ಲಿ ನೂನವುತ್ ಎಂಬ ಅವರದೇ ಪ್ರಾಂತ ಹುಟ್ಟಿತು. ‘ನಮ್ಮ ನೆಲ’ ಎಂದು ಅದರ ಅರ್ಥ. 2008ರಲ್ಲಿ ಅಲ್ಲಿ ಭಾಷಾರಕ್ಷಣೆಯ ಕಾನೂನೂ ಬಂತು. ಇಂದು ಅಲ್ಲಿಯ ಬೇಟೆಗಾರನ ಕೈಯಲ್ಲಿ ಬಂದೂಕಿದೆ, ಹಿಮದ ಮೇಲೆ ಓಡುವ ಮೋಟಾರು ಬಂಡಿಯಿದೆ. ಆದರೂ ಹಾರ್ಪೂನ್ ಹೋಗಿಲ್ಲ. ಗುಂಡು ಕೊಲ್ಲುತ್ತದೆ, ಹಿಡಿದಿಡುವುದಿಲ್ಲ. ಪ್ರಾಣಿ ಮುಳುಗದಂತೆ ಉಳಿಸಿಕೊಳ್ಳಲು ಇಂದಿಗೂ ಅಡ್ಡ ತಿರುಗುವ ಆ ತಲೆಯೇ ಬೇಕು.

ನನ್ನ ಬಳಸುದಾರಿ ಸಭಾಂಗಣಕ್ಕೇ ಬಂದು ಸೇರುತ್ತದೆ ಎಂದಿದ್ದೆ. ನಿಮ್ಮ ಬಲಗಡೆಯ ಗೋಡೆಯ ಮೇಲೆ ಜಂಬೂಸವಾರಿಯ ಇನ್‌ಲೇ ಚಿತ್ರವಿದೆ. ಸಂಘದ ಬೆಳ್ಳಿಹಬ್ಬದಲ್ಲಿ ಬಂದ ಕೊಡುಗೆ ಎಂದು ಹಿರಿಯರು ಹೇಳುತ್ತಾರೆ. ಕೆಳಗಿನ ಹಿತ್ತಾಳೆಯ ಫಲಕದಲ್ಲಿ ಕೊಟ್ಟವರ ಹೆಸರಿದೆ, ಸ್ವೀಕರಿಸಿದ ಅಧ್ಯಕ್ಷರ ಹೆಸರಿದೆ, ಅನಾವರಣ ಮಾಡಿದ ಗಣ್ಯರ ಹೆಸರಿದೆ. ಇಂದು ಸಂಜೆ ಸಭೆಗೆ ತುಸು ಮೊದಲೇ ಬಂದು, ಕಾರ್ಯದರ್ಶಿಗಳ ಸಹಾಯದಿಂದ ಅದನ್ನು ಗೋಡೆಯಿಂದ ಇಳಿಸಿ ಹಿಂಬದಿ ನೋಡಿದೆ. ಅಲ್ಲಿ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ. ಸಂಘದ ಹಳೆಯ ಖರ್ಚಿನ ಪುಸ್ತಕಗಳಲ್ಲಿ, ಹಿರಿಯ ಸದಸ್ಯರ ನೆನಪಿನಲ್ಲಿ ಎಲ್ಲಾದರೂ ಅದು ಇದ್ದೀತು. ಬಲ್ಲವರು ದಯವಿಟ್ಟು ಮುಂದೆ ಬಂದು ತಿಳಿಸಬೇಕು. ಫಲಕದ ಮೇಲೆ ಇನ್ನೊಂದು ಸಾಲಿಗೆ ಜಾಗವಿದೆ, ಅಳೆದು ನೋಡಿದ್ದೇನೆ.